ಐದನೆಯ ಪಿಂಡ

೧೯೪೨ನೆಯ ಇಸವಿ ನವೆಂಬರ್ ೨೧, ಶನಿವಾರ. ಸಂಜೆ ಆರು ಗಂಟೆ ಐವತ್ತು ನಿಮಿಷಕ್ಕೆ ಪುಣೆ ಕ್ಯಾಂಪಿನ ಠಾಣೆಗೆ ಸೋಲ್ಜರರ ಕ್ಯಾಂಟೀನಿನ ಮ್ಯಾನೇಜರ್ ಓಡಿಬಂದ. ಅಂಗಿಯ ತೋಳು ಸುಟ್ಟಿತ್ತು. ಇನ್ಸ್‌ಪೆಕ್ಟರ್ ಗೂಳಪ್ಪ ಅವನನ್ನು ಕೂಡಿಸಿ, ನೀರು ಕುಡಿಸಿ, ಫಿರ್ಯಾದಿ ಬರೆದುಕೊಂಡರು. ಆರೂವರೆಗೆ ಕ್ಯಾಂಟೀನಿನ ಹಿಂಬಾಗಿಲಲ್ಲಿ ಬಾಂಬು ಸಿಡಿದಿದೆ. ಇಬ್ಬರು ಗೋರಾ ಸಿಪಾಯಿಗಳಿಗೆ ಗಾಯ. ಗುರುತು ಸಿಗದ ಒಬ್ಬ ದೇಸಿ ಮನುಷ್ಯ ಸತ್ತಿದ್ದಾನೆ. ಎಫ್‌ಐಆರ್ ದಾಖಲಾಯಿತು.

ಪಂಚನಾಮೆಗೆ ಪಂಚರು ಬೇಕಲ್ಲ? ಪೊಲೀಸರನ್ನು ಕಂಡದ್ದೇ ಬೀದಿಯ ಅಂಗಡಿಗಳೆಲ್ಲ ಬಾಗಿಲು ಹಾಕಿಕೊಂಡವು. ಹವಾಲ್ದಾರ ಕೃಷ್ಣಾಜಿ ಇಬ್ಬರು ಟಾಂಗಾದವರನ್ನು ಹೇಗೋ ಹಿಡಿದು ತಂದ. ಸತ್ತವನ ಮುಖ ಉಳಿದಿರಲಿಲ್ಲ. ವಯಸ್ಸು ಇಪ್ಪತ್ತೈದರ ಸುಮಾರು. ಎಡ ಹೆಗಲ ಮೇಲೆ ಅರೆಸುಟ್ಟ ಜನಿವಾರ. ಸುತ್ತಲೂ ಹಿತ್ತಾಳೆಯ ಊಟದ ಡಬ್ಬಿಯ ಚೂರು. ಜೇಬು ಬರಿದು.

ಮರುದಿನ ಶುರುವಾಯಿತು ನೋಡಿ, ಊರಿನ ಕುಣಿತ! ಕ್ಯಾಂಪಿನ ರಾವ್‌ಬಹಾದ್ದೂರರೂ ಕಂತ್ರಾಟುದಾರರೂ ಖಂಡನಾ ಸಭೆ ಕೂಡಿಸಿ, ಸತ್ತವನೇ ಬಾಂಬು ತಂದ ಹಂತಕ, ಅವನ ಹೆಣಕ್ಕೆ ಕಟ್ಟಿಗೆಯೂ ದಂಡ ಎಂದು ಠರಾವು ಪಾಸು ಮಾಡಿದರು. ಹೊಳೆಯ ಕಡೆಯ ಪೇಟೆಗಳವರು ಹರತಾಳ ಹೂಡಿ, ಅವನು ಹುತಾತ್ಮ, ಹೆಣ ನಮಗೆ ಕೊಡಿ, ಮೆರವಣಿಗೆ ತೆಗೆಯುತ್ತೇವೆ ಎಂದು ಠಾಣೆಯ ಮುಂದೆ ಕೂಗಿದರು. ಹೆಸರೇ ಗೊತ್ತಿಲ್ಲದವನ ಮೇಲೆ ಎರಡೂ ಕಡೆಯವರಿಗೆ ಎಂಥಾ ಹಕ್ಕು! ಅವನಿಗೂ ಒಂದು ಮನೆ ಇದ್ದೀತು ಅನ್ನುವ ಖಬರು ಒಬ್ಬರಿಗೂ ಇರಲಿಲ್ಲ. ಮೂರನೆಯ ದಿನ ಪೊಲೀಸರೇ ಹೆಣಕ್ಕೆ ಬೆಂಕಿ ಕೊಟ್ಟರು.

ಗೂಳಪ್ಪನವರ ಮನೆಗೆ ಹಾಲಿನವ ಬರುವುದನ್ನು ಬಿಟ್ಟ. ಹಜಾಮ, "ಕತ್ತಿ ಮೊಂಡಾಗೇದ" ಎಂದು ಮುಖ ತಿರುಗಿಸಿದ. ಗೋರಾ ಸುಪರಿಂಟೆಂಡೆಂಟ್ ಸಾಹೇಬನದು ಇನ್ನೊಂದು ತರಹದ ಸಿಟ್ಟು. ಪೇಟೆಯ ಹದಿಮೂರು ಕಾಲೇಜು ಹುಡುಗರನ್ನು ಹಿಡಿಸಿ ಒಳಗೆ ಹಾಕಿದ್ದ.

"ಸತ್ತವ ಯಾರು, ಅವನ ಹಿಂದೆ ಯಾರು, ಮೂವತ್ತನೇ ತಾರೀಖು ಮಧ್ಯಾಹ್ನ ಹನ್ನೆರಡರೊಳಗೆ ಹೇಳು. ಇಲ್ಲವಾದರೆ ಹದಿಮೂರೂ ಬೆನ್ನಿಗೆ ಛಡಿ ಏಟು."

"ಆ ಹುಡುಗರ ಮೇಲೆ ಪುರಾವೆ ಇಲ್ಲ, ಸಾಹೇಬ."

"ಪುರಾವೆ ನಾನು ಕೇಳಿದೆನೇ?"

ಅವು ಅಮಾಯಕ ಹುಡುಗರು ಎಂಬುದು ಗೂಳಪ್ಪನವರಿಗೆ ಖಾತ್ರಿ ಇತ್ತು. ಕಾಣೆಯಾದವರ ಪಟ್ಟಿ ತಿರುವಿದರು, ಡಬ್ಬಿ ಮಾಡುವ ತಾಂಬಟರನ್ನು ಕೇಳಿದರು, ಎಂಟು ದಿನ ಅಲೆದರು. ಏನೂ ಹತ್ತಲಿಲ್ಲ. ೨೯ರ ಮುಂಜಾನೆ ಕೃಷ್ಣಾಜಿಯೇ ಬಾಯಿ ಬಿಟ್ಟ.

"ಸಾಹೇಬ, ಸತ್ತವನಿಗೆ ಜನಿವಾರ ಇತ್ತು. ನಾಳೆ ಹತ್ತನೇ ದಿನ."

"ಆದರೇನು?" ಗೂಳಪ್ಪ ಲಿಂಗಾಯತರು. ಅವರಲ್ಲಿ ಹೂಳುವುದುಂಟು, ಪಿಂಡವಿಲ್ಲ, ಕಾಗೆಯಿಲ್ಲ.

"ಅವನವರು ಕಳ್ಳತನದಲ್ಲಾದರೂ ಓಂಕಾರೇಶ್ವರ ಘಾಟಿಗೆ ಬಂದು ಪಿಂಡ ಇಡುತ್ತಾರೆ. ಇಡದಿದ್ದರೆ ಅನ್ನ ಇಳಿಯೋದಿಲ್ಲ ಅವರಿಗೆ."

ಅಂದೇ ಮುನಸಿಪಾಲಿಟಿಯ ಮರಣ ರಿಜಿಸ್ಟರು ತರಿಸಿದರು. ೨೧ರಂದು ಸತ್ತವರಲ್ಲಿ ಆ ಘಾಟಿನಲ್ಲಿ ಹತ್ತನೇ ದಿನ ಮಾಡುವ ಮನೆಗಳು ನಾಲ್ಕು. ಕೃಷ್ಣಾಜಿ ನಾಲ್ಕೂ ಮನೆಗೆ ಹೋಗಿ ಮುಖ ಗುರುತು ಮಾಡಿಕೊಂಡು ಬಂದ.

೩೦, ಸೋಮವಾರ. ಗೂಳಪ್ಪ ಧೋತರ ಉಟ್ಟು, ತಲೆಗೆ ವಸ್ತ್ರ ಸುತ್ತಿ ಕೃಷ್ಣಾಜಿಯೊಡನೆ ಘಾಟಿನ ಮೆಟ್ಟಿಲ ಮೇಲೆ ಕೂತರು. ಒಂಬತ್ತೂವರೆಯ ಹೊತ್ತಿಗೆ ನಾಲ್ಕು ಮನೆಯವರೂ ಬಂದು ಪಿಂಡ ಇಟ್ಟರು, ಕಾಗೆ ಮುಟ್ಟಿದವು, ಹೋದರು. ಹತ್ತು ಗಂಟೆಗೆ ಐದನೆಯವನು ಬಂದ. ಮೂವತ್ತೈದರ ಗಂಡಸು, ಬೋಳಿಸಿದ ತಲೆ, ಹಿಂದೆ ಮುಂದೆ ಯಾರೂ ಇಲ್ಲ. ಭಟ್ಟರು ಸತ್ತವನ ಹೆಸರು ಕೇಳಿದರು. "ಬಾಳಕೃಷ್ಣ" ಎಂದ.

ಐದನೆಯ ಪಿಂಡಕ್ಕೆ ಕಾಗೆ ಬರಲೊಲ್ಲದು. ಮೂರು ಕಾಗೆ ಗೋಡೆಯ ಮೇಲೆ ಕೂತು ನೋಡುತ್ತವೆ, ಕೆಳಗಿಳಿಯುವುದಿಲ್ಲ. ಸತ್ತವನ ಆಸೆ ಏನೋ ಉಳಿದಿದೆ, ಮಾತು ಕೊಡಿ ಎಂದು ಭಟ್ಟರು ಸರಿದು ನಿಂತರು. ಅವನು ಕೈ ಮುಗಿದು ಕನ್ನಡದಲ್ಲಿ ಶುರುಮಾಡಿದ. ಮರಾಠಿ ಊರಿನ ಘಾಟು, ಯಾರಿಗೆ ತಿಳಿದೀತು ಅನ್ನುವ ಧೈರ್ಯ.

"ಬಾಳ್ಯಾ, ನಿನ್ನ ಹೆಂಡ್ತಿ ಗೋದಾನ್ನ ನಾ ನೋಡಿಕೋತೇನಿ. ಮುಟ್ಟೋ."

ಕಾಗೆ ಕದಲಲಿಲ್ಲ.

"ಸಿಟ್ಟಿಗೇಳಬ್ಯಾಡೋ ತಮ್ಮಾ. ಡಬ್ಬ್ಯಾಗ ಏನದ ಅಂತ ನಿನಗ ಹೇಳಬೇಕಿತ್ತು. ತಪ್ಪಾತು."

"ಏನಿತ್ತಪಾ ಡಬ್ಬ್ಯಾಗ?" ಹಿಂದಿನಿಂದ ಗೂಳಪ್ಪ ಕೇಳಿದರು.

ಅವನು ತಿರುಗಿದ. ಓಡಲಿಲ್ಲ.

"ನೀವು ಯಾರ್ರಿ?"

"ಪೊಲೀಸ್. ನಿನ್ನ ಹೆಸರು?"

"ಪ್ರಲ್ಹಾದ. ಮಿಲಿಟರಿ ಡಿಪೋದಾಗ ಗುಮಾಸ್ತ." ಆಮೇಲೆ ಅಂದ: "ಕಾಗಿ ಮುಟ್ಟೂತನಕ ತಡೀರಿ. ಆಮ್ಯಾಲೆ ಎಲ್ಲೆ ಕರದರ ಅಲ್ಲೆ ಬರ್ತೇನಿ."

ಗೂಳಪ್ಪ ಗಡಿಯಾರ ನೋಡಿದರು. ಹತ್ತೂ ನಲವತ್ತು.

"ಹನ್ನೆರಡಕ್ಕ ಹದಿಮೂರು ಹುಡುಗರ ಬೆನ್ನು ಸುಲೀತಾರ. ನಿನ್ನ ಸಂಬಂಧ. ಕಾಗಿ ಎಷ್ಟಕ್ಕ ಬರ್ತದ?"

ಪ್ರಲ್ಹಾದ ಗೋಡೆಯ ಕಡೆ ಒಮ್ಮೆ ನೋಡಿದ. ಭಟ್ಟರಿಗೆ ದರ್ಭೆಯ ಕಾಗೆ ಮಾಡಿ ಮುಟ್ಟಿಸಲು ಹೇಳಿದ, ಒದ್ದೆ ಪಂಚೆಯಲ್ಲೇ ಎದ್ದು ಬಂದ. ಕೃಷ್ಣಾಜಿ ಬೇಡಿ ಹಾಕಿದ.

ಹನ್ನೊಂದೂ ಹತ್ತಕ್ಕೆ ಠಾಣೆಯಲ್ಲಿ ಅವನ ಜವಾಬು ಬರೆದುಕೊಂಡರು. ಆಗಸ್ಟಿನಲ್ಲಿ ಡಿಪೋದ ಗೋಡೆಗೆ ಯಾರೋ 'ಚಲೇಜಾವ್' ಎಂದು ಬರೆದಿದ್ದರು. ಒಬ್ಬ ಸಾರ್ಜೆಂಟ್ ಅದನ್ನು ಪ್ರಲ್ಹಾದನ ಟೊಪ್ಪಿಗೆಯಿಂದಲೇ ಒರೆಸಿಸಿ, ಅದೇ ಟೊಪ್ಪಿಗೆ ಅವನ ತಲೆಗಿಡಿಸಿದ. ಆಫೀಸೆಲ್ಲ ನಕ್ಕಿತು. ಆ ಸಾರ್ಜೆಂಟ್ ರಾತ್ರಿ ಎಂಟಕ್ಕೆ ಕ್ಯಾಂಟೀನಿನಲ್ಲಿ ಊಟ ಮಾಡುತ್ತಿದ್ದ.

"ತಮ್ಮನ್ನ ಯಾಕ ಕಳಿಸಿದಿ?"

"ನನ್ನ ಮುಖ ಅಲ್ಲೆ ಎಲ್ಲಾರಿಗೂ ಗುರ್ತು. ಅಡಿಗ್ಯಾಂವಗ ಡಬ್ಬಿ ಮುಟ್ಟಿಸಿ ಬಾ ಅಂದೆ. ಎಂಟಕ್ಕ ಸಿಡೀಬೇಕಿತ್ರಿ. ಅಷ್ಟೊತ್ತಿಗೆ ಅಂವಾ ಮನ್ಯಾಗ ಊಟಕ್ಕ ಕೂತಿರತಿದ್ದ."

ಗೂಳಪ್ಪ ಗೋರಾ ಸಾಹೇಬನಿಗೆ ಫೋನು ಮಾಡಿದರು. ಹನ್ನೊಂದೂ ಐವತ್ತೈದಕ್ಕೆ ಹುಡುಗರು ಹೊರಗೆ ಬಂದರು. ಪೇಟೆಯವರು ಹಾರ ಹಾಕಿದರು. ಹುತಾತ್ಮನಿಗೆ ಬಾಂಬಿನ ಖಬರೇ ಇರಲಿಲ್ಲ, ಅಣ್ಣನೇ ಕಳಿಸಿದ್ದ ಎಂದು ಕೇಳಿದ ಮೇಲೆ ಅದೇ ಪೇಟೆಯವರು ಪ್ರಲ್ಹಾದನನ್ನು ಲಾಕಪ್ಪಿಗೆ ಒಯ್ಯುತ್ತಿದ್ದ ಗಾಡಿಗೆ ಕಲ್ಲು ಬೀರಿದರು. ರಾವ್‌ಬಹಾದ್ದೂರರು ಠರಾವು ಹಿಂದೆಗೆದುಕೊಳ್ಳಲಿಲ್ಲ. ಥೂ!

ಲಾಕಪ್ಪಿಗೆ ತಳ್ಳುವ ಮುಂಚೆ ಗೂಳಪ್ಪ ಕೇಳಿದರು: "ಅವನ ಹೆಂಡತಿಗೆ ಏನ್ ಹೇಳಿದಿ?"

"ನೌಕರಿ ನೋಡ್ಲಿಕ್ಕೆ ಧಾರವಾಡಕ್ಕ ಹೋಗ್ಯಾನಂತ." ಪ್ರಲ್ಹಾದ ಆಗ ಮೊದಲ ಸಲ ಅತ್ತ. "ದಿನಾ ಕುಂಕುಮ ಹಚ್ಚಿಕೊಂಡು ನನಗ ಬಡಸ್ತಾಳ್ರಿ."

ಒಂದೂವರೆಗೆ ಗೂಳಪ್ಪ ಶನಿವಾರ ಪೇಟೆಯಲ್ಲಿ ಪ್ರಲ್ಹಾದನಿದ್ದ ವಾಡೆಗೆ ಹೋದರು. ಅಂಗಳದ ಸುತ್ತ ಒಂದೊಂದೇ ಬಾಗಿಲು ಮುಚ್ಚಿಕೊಂಡಿತು. ಕನ್ನಡದ ಕೂಗು ಕೇಳಿ ಗೋದಾ ಮಾತ್ರ ಸೌಟು ಹಿಡಿದೇ ಹೊರಗೆ ಬಂದಳು.

"ಧಾರವಾಡದಿಂದ ಏನರ ಸುದ್ದಿ ತಂದೀರೇನ್ರಿ? ನಮ್ಮವರದು ಕಾಗದನ ಇಲ್ಲ."

"ಸುದ್ದಿ ಅದ, ತಂಗಿ. ಕೂಡು."

ಅವಳು ಚಾಪೆ ಹಾಸಿ, ಸೆರಗು ಸರಿಮಾಡಿಕೊಂಡಳು.

"ನೀವ ಕೂಡ್ರಿ. ಭಾವನವರು ಊಟಕ್ಕ ಬರೋ ಹೊತ್ತಾತು. ಅವರ ಮುಂದನ ಹೇಳ್ರಿ."