ಮೂರನೆಯ ವಾಲ್ವ್

ಒಂದು ಊರು. ಊರಿನ ನೆತ್ತಿಯ ಮೇಲೊಂದು ಗುಡ್ಡ. ಗುಡ್ಡದ ಬುಡದಲ್ಲಿ ಇಬ್ಬರು ಅಕ್ಕತಂಗಿಯರಿದ್ದರಂತೆ. ಅಕ್ಕ ಮುಟ್ಟಿದ ಗಿಡ ಹೂ ಬಿಡುತ್ತಿತ್ತಂತೆ, ತಂಗಿ ಮುಟ್ಟಿದ ಕಬ್ಬಿಣ ಮಾತಾಡುತ್ತಿತ್ತಂತೆ. ಒಂದು ದಿನ ಒಬ್ಬ ರಕ್ಕಸ ಮನುಷ್ಯನ ಹಾಗೆ ತಲೆ ಬಾಚಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು, ಅಕ್ಕನನ್ನು ಮದುವೆಯಾಗಿ ಕರೆದುಕೊಂಡು ಹೋದನಂತೆ.

ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದ ಕತೆ ಶುರುವಾಗುತ್ತಿದ್ದದ್ದು ಹೀಗೆ. ಮೂರು ವರ್ಷದಿಂದ, ಯಾರ್ಯಾರದೋ ಕಾರುಗಳ ಹೊಟ್ಟೆಯಡಿಯಲ್ಲಿ ಅಂಗಾತ ಮಲಗಿ, ಮುಖದ ಮೇಲೆ ಎಣ್ಣೆ ತೊಟ್ಟಿಕ್ಕಿಸಿಕೊಳ್ಳುತ್ತ, ಅದನ್ನೇ ಹೇಳಿಕೊಂಡಿದ್ದಳು. ಅಜ್ಜಿ ಬದುಕಿದ್ದಿದ್ದರೆ ಕೊನೆಯನ್ನು ಅಜ್ಜಿಯೇ ಕಟ್ಟಿಕೊಡುತ್ತಿದ್ದಳು. ಅಜ್ಜಿ ಇಲ್ಲದ ಮೇಲೆ ಮೊಮ್ಮಗಳೇ ಕಟ್ಟಬೇಕಾಯಿತು.

ರಕ್ಕಸನೆಂದರೆ ಭಾವ. ಅಕ್ಕನಿಗೆ ದಿನ ತುಂಬಿದ್ದಾಗ ಅವನ ಕಾರಿನ ಎಂಜಿನ್ನನ್ನು ಇವಳೇ ಬಿಚ್ಚಿ, ಒರೆಸಿ, ಮತ್ತೆ ಕಟ್ಟಿ ಕೊಟ್ಟಿದ್ದಳು. "ಕುದುರೆ ಆಗಿದೆ ಭಾವ. ಯಾವ ಹೊತ್ತಿಗೆ ನೋವು ಬಂದ್ರೂ ಅರ್ಧ ಗಂಟೇಲಿ ಗುಡ್ಡ ದಾಟ್ತೀರಿ," ಅಂದಿದ್ದಳು. ಆಸ್ಪತ್ರೆ ಇದ್ದದ್ದು ಗುಡ್ಡದ ಆಚೆ. ಮರುದಿನವೇ ಮಧ್ಯಾಹ್ನ ನೋವು ಬಂತು. ಕಾರು ಆಸ್ಪತ್ರೆ ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ಮಗು ಉಳಿಯಿತು, ಅಕ್ಕ ಉಳಿಯಲಿಲ್ಲ.

ಆಸ್ಪತ್ರೆಯ ಜಗಲಿಯಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ. ಭಾವ ನೆಲ ನೋಡುತ್ತ ಕೊಟ್ಟದ್ದೂ ಒಂದೇ ಉತ್ತರ. "ಗಾಡಿಗೇನೂ ಆಗಿರಲಿಲ್ಲ. ನಾನೇ ತಡ ಮಾಡ್ದೆ. ಮನೇಲಿ ಅವಳೊಬ್ಬಳೇ ಇದ್ಲು. ಫೋನ್ ಮಾಡಿದ್ಲು, ಆದ್ರೂ ಗೆಳೆಯರ ಜೊತೆ ಮಾತಿಗೆ ಕೂತುಬಿಟ್ಟೆ."

ಕೂತುಬಿಟ್ಟೆ. ಆ ಒಂದು ಮಾತು ಅವಳ ಎದೆಯಲ್ಲಿ ಮುರಿದ ಮುಳ್ಳಿನ ಹಾಗೆ ಉಳಿಯಿತು. ಅಕ್ಕ ಹಾಸಿಗೆಯಲ್ಲಿ ಹೊರಳುತ್ತಿದ್ದಾಗ ಇವನು ಯಾವುದೋ ಕಟ್ಟೆಯ ಮೇಲೆ ಕೂತು ಹರಟುತ್ತಿದ್ದ. ಊರಿನವರು ನಾಲ್ಕು ದಿನ ಬೈದರು, ಐದನೆಯ ದಿನ ಮರೆತರು. ಅಮ್ಮ ಕೂಡ, "ಒಪ್ಪಿಕೊಂಡನಲ್ಲ, ಪಾಪ," ಅಂದುಬಿಟ್ಟಳು. ಅವಳೊಬ್ಬಳು ಮರೆಯಲಿಲ್ಲ. ಭಾವ ಬಂದಾಗ ಕುರ್ಚಿ ಎಳೆದು ಕೊಟ್ಟಳು, ಮಗುವನ್ನು ಎತ್ತಿ ಆಡಿಸಿದಳು, ನಗಬೇಕಾದಲ್ಲಿ ನಕ್ಕಳು. ಹಗೆಯನ್ನು ಹಸಿಯಾಗಿಟ್ಟುಕೊಳ್ಳುವುದಕ್ಕೂ ಶ್ರದ್ಧೆ ಬೇಕು. ಅದು ಅವಳಲ್ಲಿ ಬೇಕಾದಷ್ಟಿತ್ತು.

ಆ ಕಾರನ್ನು ಭಾವ ಮತ್ತೆ ಹೊರಗೆ ತೆಗೆದಿರಲಿಲ್ಲ. ಮನೆಯ ಹಿಂದಿನ ಶೆಡ್ಡಿನಲ್ಲಿ ಅದು ಧೂಳು ಹೊದ್ದು ಮಲಗಿತ್ತು. ಮೂರು ವರ್ಷದ ಮೇಲೆ, ಒಂದು ಬೆಳಿಗ್ಗೆ, ಕೆಮ್ಮುತ್ತ ಏದುಸಿರು ಬಿಡುತ್ತ ಅದು ಅವಳ ಗ್ಯಾರೇಜಿನ ಮುಂದೆ ಬಂದು ನಿಂತಿತು. ಪಕ್ಕದ ಅಂಗಡಿಯ ಪಂಕ್ಚರ್ ಮಾಮ ಟ್ಯೂಬು ಉಜ್ಜುತ್ತಿದ್ದವನು ತಲೆಯೆತ್ತಿದ.

"ಏನ್ರೀ, ಇದನ್ನ ಓಡಿಸ್ಕೊಂಡು ಬಂದ್ರಾ, ಹೊತ್ಕೊಂಡು ಬಂದ್ರಾ?"

"ಎರಡೂ ಅಂತಿಟ್ಕೊಳ್ಳಿ," ಅಂದ ಭಾವ. ಆಮೇಲೆ ಅವಳತ್ತ ತಿರುಗಿದ. "ಗುಂಡಕ್ಕನಿಗೆ ಗುಡ್ಡದಾಚೆ ಶಾಲೇಲಿ ಜಾಗ ಸಿಕ್ಕಿದೆ. ಸೋಮವಾರದಿಂದ ದಿನಾ ಹತ್ತಿಳೀಬೇಕು. ಇದು ಎಳೀತಾನೇ ಇಲ್ಲ. ಸರಿ ಮಾಡಿಕೊಡ್ತೀಯಾ?"

ಗುಂಡಕ್ಕ ಎಂದರೆ ಅಕ್ಕನ ಮಗಳು. ಕೆನ್ನೆ ನೋಡಿ ಇಟ್ಟ ಹೆಸರು.

"ಬೇರೆ ಗ್ಯಾರೇಜಲ್ಲಿ ತೋರಿಸಿದ್ರಾ?"

"ಇಲ್ಲ. ತೋರಿಸೋದೂ ಇಲ್ಲ." ಭಾವ ದನಿ ತಗ್ಗಿಸಿದ. "ನೀನೇ ಮಾಡು. ಒಬ್ಬಳೇ ಇದ್ದಾಗ ಬಿಚ್ಚು. ಆತುರ ಏನಿಲ್ಲ."

ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ರಕ್ಕಸ ತಾನಾಗಿಯೇ ಬಂದು, ತನ್ನ ಜೀವವಿರುವ ಗಿಳಿಯನ್ನು ಅವಳ ಕೈಗೆ ಕೊಟ್ಟು, ಒಬ್ಬಳೇ ಇದ್ದಾಗ ಕುತ್ತಿಗೆ ಮುರಿ ಎನ್ನುತ್ತಿದ್ದಾನೆ. "ಶನಿವಾರ ಸಂಜೆಗೆ ಗುಡ್ಡ ಹತ್ತೋ ಹಾಗೆ ಮಾಡ್ತೀನಿ ಭಾವ. ಮಾತು ಕೊಟ್ಟೆ," ಅಂದಳು.

ಬಾನೆಟ್ ಎತ್ತಿ ಎಂಜಿನ್ ಸದ್ದು ಕೇಳಿದ ಹತ್ತೇ ನಿಮಿಷದಲ್ಲಿ ರೋಗವೂ ತಿಳಿಯಿತು, ಮದ್ದೂ ತಿಳಿಯಿತು, ಕೊಲೆಯ ದಾರಿಯೂ ತಿಳಿಯಿತು. ನಾಲ್ಕು ಸಿಲಿಂಡರಿನ ಎಂಜಿನ್ ಮೂರರಲ್ಲಿ ಕುಂಟುತ್ತಿತ್ತು. ಮೂರನೆಯದಕ್ಕೆ ಗಾಳಿ ಒಳಬಿಡುವ ವಾಲ್ವ್ ಅಂಟಿಕೊಂಡು ಪೂರ್ತಿ ಮುಚ್ಚುತ್ತಿರಲಿಲ್ಲ. ಉಸಿರು ಎಳೆದುಕೊಳ್ಳುವ ಬಾಗಿಲೇ ಅರೆ ತೆರೆದು ನಿಂತರೆ ಗಾಡಿಗೆ ಕಸುವು ಎಲ್ಲಿಂದ ಬರಬೇಕು? ಇನ್ನು ಆಕ್ಸಿಲರೇಟರ್ ಕೇಬಲ್. ಮೂರು ವರ್ಷ ಶೆಡ್ಡಿನ ಥಂಡಿಯಲ್ಲಿದ್ದು ಅದಕ್ಕೆ ತುಕ್ಕು ಹಿಡಿದಿತ್ತು. ಎಳೆಯೊಂದು ಬಿಟ್ಟುಕೊಂಡಿತ್ತು. ಆ ಎಳೆಯನ್ನು ಸ್ವಲ್ಪ ಬಾಗಿಸಿದರೆ ಸಾಕು, ಪೆಡಲನ್ನು ಪೂರ್ತಿ ಒತ್ತಿದಾಗ ಮಾತ್ರ ಅದು ಒಳಗೆ ಕಚ್ಚಿಕೊಳ್ಳುತ್ತದೆ. ಕಾಲು ತೆಗೆದರೂ ಎಂಜಿನ್ ಇಳಿಯುವುದಿಲ್ಲ.

ಭಾವನ ಕಾಲು ಅವಳಿಗೆ ಗೊತ್ತಿತ್ತು. ಮದುವೆಯಾದ ಹೊಸತರಲ್ಲಿ ಅಕ್ಕತಂಗಿಯರಿಬ್ಬರನ್ನೂ ಹಿಂದೆ ಕೂರಿಸಿಕೊಂಡು ಎಷ್ಟು ಸಲ ಗುಡ್ಡ ಹತ್ತಿಸಿದ್ದ. ಕೆಳಗಿನ ತಿರುವುಗಳಲ್ಲೆಲ್ಲ ಮದುಮಗಳ ಹಾಗೆ ಮೆತ್ತಗೆ. ಕೊನೆಯ ನೇರ ಏರು ಬಂತೆಂದರೆ ಹುಡುಗಾಟ ಹೊಕ್ಕು, ಕಾಲನ್ನು ನೆಲಕ್ಕೆ ಮುಟ್ಟಿಸಿಬಿಡುತ್ತಿದ್ದ. ಏರು ಮುಗಿಯುವಲ್ಲಿ ಎಡಕ್ಕೆ ಕಡು ತಿರುವು. ಅಲ್ಲಿನ ತಡೆಗೋಡೆ ಕುಸಿದು ಎರಡು ವರ್ಷವಾಗಿತ್ತು. ಅಡ್ಡ ಇಟ್ಟದ್ದು ಒಂದು ಖಾಲಿ ಡ್ರಮ್ಮು, ಅಷ್ಟೆ.

ಆದರೆ ಎಂಜಿನ್ನಿನಲ್ಲಿ ಕಸುವಿಲ್ಲದಿದ್ದರೆ ಇದ್ಯಾವುದೂ ನಡೆಯದು. ಕುಂಟುವ ಗಾಡಿಯನ್ನು ಭಾವ ಮೊದಲ ಗೇರಿನಲ್ಲಿ ತೆವಳಿಸಿಕೊಂಡು ಹೋಗುತ್ತಾನೆ, ತಿರುವಿನಲ್ಲಿ ಆರಾಮಾಗಿ ನಿಲ್ಲಿಸಿ ಇಳಿಯುತ್ತಾನೆ. ಅವನನ್ನು ಕೊಲ್ಲಬೇಕಾದರೆ ಗಾಡಿಯನ್ನು ನಿಜಕ್ಕೂ ಗುಣಪಡಿಸಬೇಕು. ಅವಳ ಹದಿನೈದು ವರ್ಷದ ಕಸುಬಿನಲ್ಲೇ ಅತ್ಯಂತ ಒಳ್ಳೆಯ ಕೆಲಸ ಇದಾಗಬೇಕು. ಇದನ್ನು ನೆನೆದು ಅವಳಿಗೆ ಒಳಗೊಳಗೇ ನಗು ಬಂತು.

ಸಾಕ್ಷಿಯನ್ನೂ ಅವಳು ಮೊದಲೇ ಕಟ್ಟಿಕೊಂಡಳು. ಮರುದಿನ ಭಾವ ವಿಚಾರಿಸಲು ಬಂದಾಗ, ಪಂಕ್ಚರ್ ಮಾಮನಿಗೆ ಕೇಳುವಷ್ಟು ಗಟ್ಟಿಯಾಗಿ, "ಈ ಕೇಬಲ್ ಬದಲಾಯಿಸ್ಲೇಬೇಕು ಭಾವ. ಹೊಸದು ಪಟ್ಟಣದಿಂದ ಬರಬೇಕು, ಹತ್ತು ದಿನ ಆಗುತ್ತೆ," ಅಂದಳು.

"ಹತ್ತು ದಿನ ಅಂದ್ರೆ ಗುಂಡಕ್ಕ ನನ್ನ ತಲೆ ಮೇಲೆ ಕೂತ್ಕೊಂಡು ಶಾಲೆಗೆ ಹೋಗ್ತಾಳೆ. ಸದ್ಯಕ್ಕೆ ಇದ್ದದ್ದೇ ಇರಲಿ."

"ಹೇಳ್ಬೇಕಾದ್ದು ಹೇಳಿದ್ದೀನಪ್ಪ. ಮಾಮ, ಕೇಳಿಸ್ಕೊಂಡ್ರಲ್ಲ?"

"ನಂಗೆ ಬೇಡದ್ದೂ ಕೇಳಿಸುತ್ತೆ. ಅದೇ ನನ್ನ ಹೆಂಡತಿ ದೂರು," ಅಂದ ಮಾಮ.

ಇನ್ನೊಂದು ತೊಡಕಿತ್ತು. ಎಂಜಿನ್ ಬಿಚ್ಚಿ ಕಟ್ಟಿದವರು ಟ್ರಯಲ್ ಓಡಿಸುವಾಗ ಪಕ್ಕದಲ್ಲಿ ಕೂರುವುದು ಕಸುಬಿನ ರೂಢಿ. ಅದಕ್ಕಾಗಿ ಗುರುವಾರವೇ ಅವಳು ಬೇಕೆಂದೇ ಜಾಕಿಗೆ ಎಡವಿದಳು. ಎಡಗಾಲಿಗೆ ಬಟ್ಟೆ ಸುತ್ತಿಕೊಂಡು ಎರಡು ದಿನ ಕುಂಟಿದಳು. ಮೂರು ಸಿಲಿಂಡರಿನ ಗಾಡಿಗೆ ಒಂದೂವರೆ ಕಾಲಿನ ಮೆಕ್ಯಾನಿಕ್ ಎಂದು ಮಾಮ ರೇಗಿಸಿದ. ಅವಳು ಅದಕ್ಕೂ ನಕ್ಕಳು.

ಶನಿವಾರ ಬೆಳಿಗ್ಗೆ ಬಾಗಿಲು ಅರ್ಧ ಎಳೆದುಕೊಂಡು ಕೆಲಸಕ್ಕೆ ಕೂತಳು. ಗಾಳಿ ಹಂಚುವ ಕೊಳವೆಗಳನ್ನು ಎಂಜಿನ್ನಿನಿಂದ ಬಿಡಿಸಿ ಪಕ್ಕಕ್ಕಿಟ್ಟಳು. ಈಗ ನಾಲ್ಕು ಬಾಯಿಗಳು ಸಾಲಾಗಿ ಕಾಣುತ್ತಿದ್ದವು. ಕೆರೆದ ಮಸಿ ಅಕ್ಕಪಕ್ಕದವುಗಳೊಳಗೆ ಬೀಳದಂತೆ ಉಳಿದ ಮೂರಕ್ಕೂ ಬಾಲಕ್ಕೆ ಗಂಟು ಹಾಕಿದ ಬಟ್ಟೆ ತುರುಕಿದಳು. ಟಾರ್ಚು ಹಿಡಿದು ಮೂರನೆಯದರೊಳಗೆ ಇಣುಕಿದಾಗ ಅವಳಿಗೇ ಅಚ್ಚರಿಯಾಯಿತು. ಬಟ್ಟೆ ತುರುಕುವಾಗ ನೋಡಿದ್ದ ಉಳಿದ ಮೂರು ವಾಲ್ವ್‌ಗಳ ಮೇಲೆ ಕಾಡಿಗೆಯಷ್ಟು ತೆಳ್ಳಗೆ ಮಸಿ. ಇದರ ಕೊರಳಿಗೆ ಮಾತ್ರ ಡಾಂಬರಿನಂತಹ ದಪ್ಪ ಮುದ್ದೆ ಸುತ್ತಿಕೊಂಡಿತ್ತು. ಎಲ್ಲೋ ಸೀಲು ಸವೆದು ಎಣ್ಣೆ ಸೋರಿರಬೇಕು ಎಂದುಕೊಂಡಳು. ಹಳೆಯ ಗಾಡಿಗಳಲ್ಲಿ ಒಂದು ವಾಲ್ವ್ ಉಳಿದವುಗಳಿಗಿಂತ ಕೆಡುವುದು ಹೊಸದೇನಲ್ಲ. ಕಾರಣ ಹುಡುಕುತ್ತ ಕೂರುವ ದಿನವೂ ಅದಾಗಿರಲಿಲ್ಲ.

ಕ್ಲೀನರ್ ಸುರಿದು ಒಂದು ಗಂಟೆ ನೆನೆಯಲು ಬಿಟ್ಟಳು. ಆಮೇಲೆ ಚೂಪು ಮಾಡಿದ ಮರದ ಕಡ್ಡಿಯಿಂದ ಅಂಚು ಎಬ್ಬಿಸಿದಳು. ಲೋಹಕ್ಕೆ ಗೀರು ಬೀಳಬಾರದು, ಮುದ್ದೆಯ ಚೂರು ಒಳಗೂ ಬೀಳಬಾರದು. ಕೊಕ್ಕೆ ಹಾಕಿ ಎಳೆದಾಗ ಮುದ್ದೆ ಇಡಿಯಾಗಿಯೇ ಕಿತ್ತುಬಂತು. ನೋಡುವ ಗೋಜಿಗೆ ಹೋಗದೆ ಅದನ್ನು ಥಿನ್ನರ್ ತುಂಬಿದ ತಗಡಿನ ಡಬ್ಬಿಗೆ ಹಾಕಿದಳು. ಗ್ಯಾರೇಜಿನ ಕೊಳೆಯೆಲ್ಲ ಮೊದಲು ಹೋಗುವುದು ಅಲ್ಲಿಗೇ. ಆಮೇಲೆ ಹಿತ್ತಾಳೆ ಬ್ರಷ್ಷು, ಆಮೇಲೆ ಬಟ್ಟೆ, ಆಮೇಲೆ ಗಾಳಿ. ವಾಲ್ವಿನ ತಲೆಯ ಮೇಲೆ ಮರದ ಸುತ್ತಿಗೆಯಿಂದ ಮೆಲ್ಲಗೆ ಬಡಿದಳು. ಒಮ್ಮೆ ತಡೆಯಿತು, ಎರಡನೆಯ ಸಲಕ್ಕೆ ಸ್ವಲ್ಪ ಜಾರಿತು, ಮೂರನೆಯ ಸಲಕ್ಕೆ ಟಪ್ಪೆಂದು ಪುಟಿದು ತನ್ನ ಜಾಗದಲ್ಲಿ ಕೂತಿತು. ಕೂದಲೆಳೆಯಷ್ಟೂ ಸಂದಿಲ್ಲ. ಆ ಸದ್ದು ಕೇಳಿ ಒಂದು ಗಳಿಗೆ ಅವಳು ಹಗೆಯನ್ನೇ ಮರೆತಳು. ಕಬ್ಬಿಣ ಅವಳೊಂದಿಗೆ ಇನ್ನೂ ಮಾತಾಡುತ್ತಿತ್ತು.

ತುರುಕಿದ ಬಟ್ಟೆಗಳನ್ನು ಎಳೆದು, ಎಣಿಸಿ, ಮೇಜಿನ ಮೇಲಿಟ್ಟಳು. ಎಲ್ಲವನ್ನೂ ಮತ್ತೆ ಕಟ್ಟಿದಳು. ಕೊನೆಯಲ್ಲಿ ಕೇಬಲಿನ ಎಳೆಯನ್ನು ಬಾಗಿಸಿದಳು.

ಸಂಜೆ ಐದಕ್ಕೆ ಭಾವ ಬಂದ. ಕೀಲಿ ತಿರುಗಿಸಿದೊಡನೆ ಎಂಜಿನ್ ತುಂಬಿದ ಎದೆಯಿಂದ ಹಾಡಿಕೊಂಡಿತು. ಮಾಮ ಕೂಡ ಟ್ಯೂಬು ಬಿಟ್ಟು ಎದ್ದು ಬಂದ. "ಇದು ಅದೇ ಗಾಡೀನಾ? ಮದುವೆ ಮಾಡ್ಸಿ ತಂದ ಹಾಗಿದೆ."

"ಗುಂಡಕ್ಕ ಬಂದಿಲ್ವಾ?" ಅವಳು ಹಿಂದಿನ ಸೀಟನ್ನು ಎರಡು ಸಲ ನೋಡಿದಳು.

"ನಿಮ್ಮಮ್ಮನ ಹತ್ರ ಬಿಟ್ಟಿದ್ದೀನಿ. ಮೊದಲು ನಾನೊಬ್ಬನೇ ಹತ್ತಿ ನೋಡ್ತೀನಿ." ಭಾವ ಸ್ಟೇರಿಂಗ್ ಮೇಲೆ ಕೈಯಿಟ್ಟ. ಆಮೇಲೆ ಮಾಮನಿಗೆ ಕೇಳದ ಹಾಗೆ ಅಂದ, "ಒಳಗೆ ಏನು ಸಿಕ್ತು?"

"ಮಸಿ."

"ಬರೀ ಮಸಿ?"

"ಇನ್ನೇನಿರುತ್ತೆ ಭಾವ?"

ಅವನ ಮುಖದಿಂದ ಯಾವುದೋ ಭಾರ ಇಳಿದಂತಾಯಿತು. "ಹಾಗಾದ್ರೆ ಒಳ್ಳೇದಾಯ್ತು. ನಾನು ಏನೇನೋ ಅಂದ್ಕೊಂಡಿದ್ದೆ," ಅಂದು ನಕ್ಕ. ಮೂರು ವರ್ಷದಲ್ಲಿ ಅವನು ನಕ್ಕದ್ದನ್ನು ಅವಳು ನೋಡಿದ್ದು ಅದೇ ಮೊದಲು. "ಕಾಲು ವಾಸಿಯಾಗ್ಲಿ, ಒಂದಿನ ನೀನೂ ಬಾ. ಮೂರೂ ಜನ ಹೋಗೋಣ."

ಪೆದ್ದ, ಎಂದುಕೊಂಡಳು ಅವಳು. ಸಾಯಲು ಹೊರಟವನು ಸಂತೆಗೆ ಕರೆಯುತ್ತಿದ್ದಾನೆ.

ಕಾರು ಬೀದಿಯ ಕೊನೆಯಲ್ಲಿ ಮರೆಯಾಯಿತು. ಕಾಲಿಗೆ ಸುತ್ತಿದ ಬಟ್ಟೆ ಬಿಚ್ಚಿ ಎಸೆದು, ನೆಟ್ಟಗೆ ನಡೆಯುತ್ತ ಒಳಗೆ ಬಂದಳು. ಹಿಂದಿನ ಕಿಟಕಿಯಿಂದ ಗುಡ್ಡದ ರಸ್ತೆ ಕಾಣುತ್ತಿರಲಿಲ್ಲ, ಸದ್ದು ಮಾತ್ರ ಕೇಳುತ್ತಿತ್ತು. ಮೊದಲ ತಿರುವು, ಮೆತ್ತಗೆ. ಎರಡನೆಯದು, ಮೆತ್ತಗೆ. ಯಾರಾದರೂ ಬಂದು ಸುದ್ದಿ ಹೇಳುತ್ತಾರೆ, ಮಾಮ ಕೇಬಲ್ ವಿಷಯ ಹತ್ತು ಜನಕ್ಕೆ ಹೇಳುತ್ತಾನೆ, ಅವಳು ಗೋಡೆಗೊರಗಿ ಕುಸಿಯುತ್ತಾಳೆ. ಗುಂಡಕ್ಕ ಚಿಕ್ಕಮ್ಮನ ಮನೆಗೆ ಬರುತ್ತಾಳೆ. ಶಾಲೆಗೆ ಎರಡು ಜಡೆ ಹಾಕಬೇಕು. ಸತ್ತ ಅಕ್ಕನಿಗೆ ಮನಸ್ಸಿನಲ್ಲೇ ಕೊಟ್ಟ ಮಾತೂ, ಭಾವನಿಗೆ ಕೊಟ್ಟ ಮಾತೂ ಒಂದೇ ಸಂಜೆಯಲ್ಲಿ ತೀರಿತು. ಕೈ ತೊಳೆಯುವ ಮೊದಲು, ದಿನಾ ಮಾಡುವಂತೆ, ಸಾಮಾನು ಎತ್ತಿಡತೊಡಗಿದಳು.

ತಗಡಿನ ಡಬ್ಬಿಯ ಥಿನ್ನರನ್ನು ಜರಡಿಗೆ ಬಗ್ಗಿಸಿದಾಗ ಕಪ್ಪು ನೀರೆಲ್ಲ ಸೋರಿಹೋಗಿ, ಬೆಳಗಿನ ಮುದ್ದೆ ಕರಗದೆ ಉಳಿಯಿತು. ಮಸಿ ಕರಗದೆ ಉಳಿಯುವುದೆಂದರೇನು ಎಂದು ಬೆರಳಿನಿಂದ ಬಿಡಿಸಿದಳು. ಅದು ಬಟ್ಟೆ. ಸುಟ್ಟು ಎಣ್ಣೆ ಕುಡಿದು ಗಟ್ಟಿಯಾದ, ಅಂಗೈಯಗಲದ ಬಟ್ಟೆ. ಅದರ ಬಾಲಕ್ಕೆ ಎರಡು ಸುತ್ತಿನ ಗಂಟು. ಬಾಯಿಗೆ ತುರುಕಿದ್ದನ್ನು ಹಿಡಿದೆಳೆಯಲೆಂದು ಹಾಕುವ ಆ ಗಂಟನ್ನು ಊರಿನಲ್ಲಿ ಬೇರೆ ಯಾರೂ ಹಾಕುತ್ತಿರಲಿಲ್ಲ. ಬೆಳಿಗ್ಗೆ ತುರುಕಿದ್ದ ಮೂರೂ ಮೇಜಿನ ಮೇಲೇ ಇದ್ದವು. ಈ ಎಂಜಿನ್ನನ್ನು ಇದಕ್ಕೆ ಮೊದಲು ಕಡೆಯ ಸಲ ಬಿಚ್ಚಿದ್ದು ಅಕ್ಕನ ಹೆರಿಗೆಯ ಮುನ್ನಾದಿನ. ಬಿಚ್ಚಿದವಳು ಅವಳೇ. ಅಂದು ತುರುಕಿದ್ದು ನಾಲ್ಕು, ಎಳೆದದ್ದು ಮೂರು. ಕೊಳವೆಯ ಬಾಗಿನಲ್ಲಿ ಅಡಗಿ ಉಳಿದ ಈ ಒಂದನ್ನು, ಏರು ಹತ್ತುವಾಗ ಎಂಜಿನ್ನೇ ಒಳಗೆಳೆದುಕೊಂಡಿತ್ತು. ಇದು ಕೊರಳಲ್ಲಿ ಸಿಕ್ಕಿಕೊಂಡ ಗಾಡಿ ಆ ಗುಡ್ಡವನ್ನು ಅರ್ಧ ಗಂಟೆಯಲ್ಲಿ ದಾಟುವುದು ಸಾಧ್ಯವೇ ಇರಲಿಲ್ಲ, ಹೊತ್ತು ಮುಳುಗುವ ತನಕ ತೆವಳಬೇಕಿತ್ತು. ಕಿಟಕಿಯಾಚೆ ಕೊನೆಯ ನೇರ ಏರಿನಲ್ಲಿ ಎಂಜಿನ್ ಪೂರ್ತಿ ದನಿ ತೆಗೆದು ಹಾಡತೊಡಗಿತು. ತಿರುವು ಬಂದರೂ ಆ ದನಿ ಇಳಿಯಲಿಲ್ಲ. ಗಂಟು ಬೆರಳಲ್ಲಿ ಹಿಡಿದು ಅವಳು ನಿಂತೇ ಇದ್ದಳು. ಆ ದಿನ ಭಾವ ಯಾವ ಕಟ್ಟೆಯ ಮೇಲೂ ಕೂತಿರಲಿಲ್ಲ.