ಹೆಜ್ಜೆ ಮಾತಾಡುವ ನಾಡು

ಬಹಳ ಬಹಳ ಹಿಂದೆ, ಬೆಟ್ಟಗಳ ಆಚೆ, ಕೆಮ್ಮಣ್ಣಿನ ಒಂದು ರಾಜ್ಯವಿತ್ತು. ಅಲ್ಲಿ ನಿಂತು ಆಡಿದ ಮಾತು ಹೆಜ್ಜೆಗುರುತಿನಲ್ಲಿ ಉಳಿದುಬಿಡುತ್ತಿತ್ತು. ಹೆಣ್ಣು ತರುವ ಮೊದಲು, ಕೆಲಸ ಕೊಡುವ ಮೊದಲು ಹಿರಿಯರು ಬಗ್ಗಿ ಹೆಜ್ಜೆಗೆ ಕಿವಿಗೊಡುವುದು ಅಲ್ಲಿಯ ರೂಢಿ.

ಕುಂಬಾರರ ಬೊಮ್ಮಕ್ಕ ಹದಿಹರೆಯದಲ್ಲಿ ಒಮ್ಮೆ ಹೊಟ್ಟೆಕಿಚ್ಚಿಗೆ ಬಾವಿಕಟ್ಟೆಯ ಬಳಿ ಅಂದುಬಿಟ್ಟಳು: "ಪದುಮಲೆ ಕಳ್ಳಿ!" ಪದುಮಲೆ ಅವಳ ಜೀವದ ಗೆಳತಿ. ಏನೂ ಕದ್ದಿರಲಿಲ್ಲ. ಆದರೆ ಹೆಜ್ಜೆ ಅದನ್ನೇ ನುಡಿಯುತ್ತಾ ಹೋಯಿತು. ಪದುಮಲೆಗೆ ಬಂದ ವರ ಹಿಂದಿರುಗಿದ. ಅವಳು ಬಾಗಿಲು ಮುಚ್ಚಿಕೊಂಡಳು.

"ಮಾತು ನಿಜವಾದರೆ ಬೊಮ್ಮಕ್ಕ ಕಳ್ಳಿಯ ಗೆಳತಿ, ಸುಳ್ಳಾದರೆ ಚಾಡಿಕೋರಿ" ಎಂದು ಊರು ಅವಳನ್ನೂ ದೂರವಿಟ್ಟಿತು. ಅವಳು ಮಡಕೆಗಳೊಡನೆ ಮಾತಾಡುತ್ತಾ ಒಬ್ಬಳೇ ಉಂಡಳು, ಒಬ್ಬಳೇ ಮಲಗಿದಳು.

ಆ ಹೆಜ್ಜೆ ಅಳಿಸಲು ಮೊದಲು ಪೊರಕೆ ತಂದು ಗುಡಿಸಿದಳು. ಹೆಜ್ಜೆ ಎರಡಾಯಿತು. ಆಮೇಲೆ ನೀರು ಸುರಿದಳು. ಮಾತು ನೀರಿನೊಡನೆ ಹರಿದು ಕೆಳಗಿನ ಊರುಗಳಲ್ಲೂ ಹೆಜ್ಜೆಯಾಗಿ ಮೂಡಿತು. ಮೂರನೆಯ ಸಲ ಮಾಂತ್ರಿಕ ಕರಾಳಕನ ಗುಡ್ಡ ಹತ್ತಿದಳು.

ಕರಾಳಕ ನೆಲಕ್ಕೆ ಕಾಲಿಟ್ಟವನೇ ಅಲ್ಲ. ಮೂರು ತಲೆಯ ಕರಡಿಯ ಮೇಲೆಯೇ ಅವನ ವಾಸ.

"ಬಾ ತಾಯಿ, ಅಳಿಸಿಕೊಡ್ತೀನಿ. ಒಂದು ಕೂಸಿನ ಮೊದಲ ಹೆಜ್ಜೆ ಕದ್ದು ತಾ. ನಿಮ್ಮೂರವರು ಎಷ್ಟೋ ಜನ ತಂದಿದ್ದಾರೆ."

ಅವನ ಹಿಂದೆ ಗಡಿಗೆಗಳ ಸಾಲು. ಒಳಗೆ ಪುಟ್ಟ ಹೆಜ್ಜೆಗಳು ತಟತಟ ಎನ್ನುತ್ತಿದ್ದವು.

"ಆ ಕೂಸುಗಳ ಗತಿ?"

"ತೆವಳ್ಕೊಂಡಿವೆ. ನಿನಗೇನು?"

"ನನ್ನ ಮಾತು ನಾನೇ ಹೊರ್ತೀನಿ. ನಿನ್ನ ಹಂಗು ಬೇಡ, ಹೋಗೋ!"

"ಹೊರು, ಹೊರು. ಒಬ್ಬಳೇ ಸಾಯ್ತೀಯ." ಕರಡಿಯ ಮೂರು ಬಾಯಿಗಳೂ ನಕ್ಕವು.

ಬೊಮ್ಮಕ್ಕ ಬಾವಿಕಟ್ಟೆಗೆ ಬಂದು ಹಳೆಯ ಹೆಜ್ಜೆಯ ಪಕ್ಕದಲ್ಲೇ ನಿಂತಳು. "ಇದು ನಾನಾಡಿದ ಸುಳ್ಳು. ಪದುಮಲೆ ಕದ್ದಿಲ್ಲ." ಹೊಸ ಹೆಜ್ಜೆ ಮೂಡಿತು.

"ತಾನೇ ಒಪ್ಪಿಕೊಂಡಳಲ್ಲ, ನಾಚಿಕೆಗೆಟ್ಟವಳು!" ಎಂದರು ನೀರಿಗೆ ಬಂದವರು.

ಮಾತು ಹರಿದ ಊರಿಗೆಲ್ಲ ಅವಳು ನಡೆದಳು. ಜೊತೆಗೆ ಯಾರೂ ಬರಲಿಲ್ಲ. ಕೂದಲು ನರೆಯತೊಡಗಿತು. ಆದರೆ ಅವಳು ದಾಟಿಹೋದ ಊರುಗಳಲ್ಲಿ ಒಬ್ಬೊಬ್ಬರಾಗಿ ಜನ ತಮ್ಮ ಹಳೆಯ ಹೆಜ್ಜೆಗಳ ಪಕ್ಕ ನಿಂತರು. ಗುಡ್ಡಕ್ಕೆ ಹೋಗುವವರೇ ಇಲ್ಲವಾದರು. ಬಂದವರು ತರುತ್ತಿದ್ದ ತಿನಿಸೂ ನಿಂತು, ಹಸಿದ ಕರಡಿ ಕರಾಳಕನನ್ನು ಕೊಡವಿ ಕೆಡವಿತು. ಅವನ ಕಾಲು ನೆಲ ಮುಟ್ಟಿದ್ದೇ ತಡ, ಅವನ ವಂಚನೆಗಳನ್ನೆಲ್ಲ ಮಣ್ಣು ಕೂಗಿ ಹೇಳಿತು. ಅವನು ಬೂದಿಯಾದ. ಗಡಿಗೆಗಳು ಒಡೆದವು. ತೆವಳುತ್ತಿದ್ದ ಮಕ್ಕಳು ಎದ್ದು ಓಡಿದರು.

ಕೊನೆಗೆ ಬೊಮ್ಮಕ್ಕ ಪದುಮಲೆಯ ಅಂಗಳದಲ್ಲಿ ನಿಂತಳು.

"ಪದ್ದೂ, ನಾನು ಕಣೇ. ತಪ್ಪು ನನ್ನದು. ಇಷ್ಟು ಹೇಳೋಕೆ ಬಂದೆ. ಹೋಗ್ತೀನಿ."

ಬಾಗಿಲು ಕಿರುಗುಟ್ಟಿತು. ಪದುಮಲೆ ಹೊಸಿಲು ದಾಟಿ ಮಣ್ಣಿಗೆ ಕಾಲಿಟ್ಟಳು.

"ಊರೂರು ಸುತ್ತಿ ನನ್ನ ಮನೆಗೆ ಕೊನೆಗೆ ಬಂದ್ಯಾ, ಮೂಳಿ? ಒಳಗೆ ಬಾರೇ, ಗಂಜಿ ಆರ್ತಿದೆ."

ಆ ಹೆಜ್ಜೆ ಅಲ್ಲೇ ಉಳಿಯಿತು. ಬೊಮ್ಮಕ್ಕ ಮಕ್ಕಳಿಗೆ ನಡೆಯುವ ಪಾಠ ಹೇಳತೊಡಗಿದಾಗ ಮೊದಲು ಅಲ್ಲಿಗೇ ಕರೆತರುತ್ತಿದ್ದಳು.

"ಅಕ್ಕಾ, ಬಾಯೇ ಬಿಡದೆ ನಡೆದರೆ?" ಎಂದಳು ಒಬ್ಬ ಪೋರಿ.

"ಆಗ ಇಂಥದ್ದೂ ಉಳಿಯೋದಿಲ್ಲ. ಬಗ್ಗಿ ಕೇಳು."

ಮಕ್ಕಳು ಬಗ್ಗಿ ಕೇಳಿದರು. ಕೇಳಿದವರಿಗೆಲ್ಲ ಹಸಿವಾಯಿತು. ಎಲ್ಲರೂ ಒಳಗೆ ಹೋಗಿ ಹೊಟ್ಟೆತುಂಬ ಉಂಡರು.