ತೊಟ್ಟಿಲ ಕೌದಿಯ ಕೆಂಪು ಮಣಿ

ಪಿನ್ನು ಇನ್ನೂ ಅಲ್ಲೇ ಇತ್ತು.

ತೊಟ್ಟಿಲ ಕೌದಿಯ ಒಂದು ಮೂಲೆ. ಅಂಚಿನ ಮಡಿಕೆಯೊಳಗೆ, ಹೊಲಿಗೆಯ ಗುಂಟ ಉದ್ದಕ್ಕೆ ಮಲಗಿದ ಪಿನ್ನು. ಒಂದು ಕಡೆ ಮೊನೆ ಚೂರೇ ಚೂರು ಹೊರಗೆ ಇಣುಕಿತ್ತು. ಇನ್ನೊಂದು ಕಡೆ ಗುಂಡನೆಯ ಕೆಂಪು ಮಣಿ.

“ನಾನು ಕಿತ್ತು ತೆಗೀಲಿಲ್ಲ. ನೀವೇ ನೋಡಿ ಅಂತ ಹಾಗೇ ತಂದೆ,” ಎಂದಳು ಪ್ರಿಯಾ. ಕುಮಟೆಯಿಂದ ಬೆಳಗಿನ ಬಸ್ಸಿಗೇ ಬಂದಿದ್ದಳು. “ಮಗು ಕಾಲು ಬಡೀತು, ಕಿಟಾರನೆ ಕಿರುಚ್ತು. ಹಿಮ್ಮಡಿ ಗೀರಿ ರಕ್ತ! ಡಾಕ್ಟರ ಹತ್ರ ಓಡಿದ್ವಿ. ನಮ್ಮತ್ತೆ ತೊಟ್ಟಿಲಲ್ಲಿ ಅಡಕತ್ತರಿ ಇಟ್ಟಿದ್ರೆ ಅದನ್ನೂ ಜಗಳ ಮಾಡಿ ತೆಗೆಸಿದವಳು ನಾನು. ನೀವು ನೋಡಿದ್ರೆ ಕೌದಿಯಲ್ಲೇ ಪಿನ್ನಿಟ್ಟು ಕಳಿಸ್ತೀರಿ!”

ಹೊನ್ನಾವರ ಬಂದರಿನ ಹಳೆಯ ಐಸ್ ಶೆಡ್ಡು ಈಗ ಹೆಂಗಸರ ಹೊಲಿಗೆ ಶೆಡ್ಡು. ಮಶಿನ್ನುಗಳೆಲ್ಲ ಒಮ್ಮೆಲೇ ನಿಂತವು. ಎಲ್ಲರ ಕಣ್ಣೂ ಸಣ್ಣಿಯ ಮೇಲೆ. ಆ ಕೌದಿ ಹೊಲಿದವಳು ಅವಳು. ಮಣಿಯ ಪಿನ್ನು ಬಳಸುವವಳೂ ಅವಳೊಬ್ಬಳೇ.

“ಪಿನ್ನು ನಂದೇ,” ಎಂದಳು ಸಣ್ಣಿ. “ಇಟ್ಟವಳು ನಾನಲ್ಲ.”

“ಮತ್ತೆ ತಾನಾಗೇ ನಡೆದು ಬಂತಾ?” ಪ್ರಿಯಾ ಫೋನು ಎತ್ತಿ ತೋರಿಸಿದಳು. “ಫೋಟೋ ಇದೆ. ಸಾಯಂಕಾಲದೊಳಗೆ ಇವಳನ್ನ ಮಶಿನ್ನಿಂದ ಎಬ್ಬಿಸಿ. ಇಲ್ಲದಿದ್ರೆ ಇದು ನೀವು ಕೌದಿ ಕೊಡುವ ಭಟ್ಕಳದ ಅಂಗಡಿ ತನಕ ಹೋಗ್ತದೆ.”

ಕೌದಿಯನ್ನು ಅಲ್ಲೇ ಬಿಟ್ಟು ಅವಳು ಹೊರಟುಹೋದಳು.

ಶೆಡ್ಡಿನ ಬೀಗದ ಕೈ ಮಾಸ್ತಮ್ಮನದು. ಪೊಲೀಸ್ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತಳಾದವಳು. ಸೂಜಿಗೆ ದಾರ ಪೋಣಿಸಲು ಬಾರದು. ಕೂತಲ್ಲಿ ಕೂರಲೂ ಬಾರದು. ಸಣ್ಣಿಯನ್ನು ಎಬ್ಬಿಸುವುದೆಂದರೆ ಅವಳ ಮನೆಯ ಒಲೆ ಆರಿಸಿದಂತೆ ಎಂಬುದು ಮಾಸ್ತಮ್ಮನಿಗೆ ಗೊತ್ತಿತ್ತು. ಎಬ್ಬಿಸದಿದ್ದರೆ? ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ನಡೆದಳು.

“ಪಿನ್ನೇ ಎಂತಕ್ಕೆ ಬೇಕು ನಿಂಗೆ? ಬಾಕಿಯವರಿಗೆ ಕ್ಲಿಪ್ಪು ಸಾಕಾಗ್ತದಲ್ದಾ?”

“ಕ್ಲಿಪ್ಪು ಅಂಚು ಹಿಡೀತದೆ ಮಾಸ್ತಕ್ಕ, ನಡು ಹಿಡೀತದಾ? ಮಶಿನ್ನಿನಲ್ಲಿ ಮೇಲಿನ ಪದರ ಒಂದು ದಿಕ್ಕು, ಅಡಿಯದ್ದು ಒಂದು ದಿಕ್ಕು. ಆಮೇಲೆ ಕೌದಿ ತುಂಬ ಸುಕ್ಕು.”

“ಕೈಯಲ್ಲಿ ಟಾಕು ಹಾಕೂಕೆ ಎಂತ ಧಾಡಿ?” ಎಂದಳು ಪಕ್ಕದ ಮಶಿನ್ನಿನ ಕಾಳಿ. “ನಾ ಹಾಕೂದಿಲ್ವಾ? ಉದ್ದುದ್ದ ಟಾಕು ಹಾಕಿ, ಹೊಲಿದ ಮೇಲೆ ದಾರ ಎಳೆದ್ರೆ ಆತು.”

“ನೀ ಒಂದು ಕೌದಿ ಮುಗಿಸೂದ್ರೊಳಗೆ ತೊಟ್ಟಿಲ ಕೂಸು ಶಾಲೆಗೆ ಹೋಗ್ತದೆ!”

ಯಾರೋ ಕಿಸಕ್ಕೆಂದರು. ಮಾಸ್ತಮ್ಮ ನಗಲಿಲ್ಲ.

“ಕಾಳಿ, ಸಣ್ಣಿ ಎದ್ರೆ ಆ ಕಿಟಕಿ ಬದಿಯ ಮಶಿನ್ನು ಯಾರಿಗೆ?”

ಕಾಳಿಯ ಮುಖ ಬಿಗಿಯಿತು. “ನಂಗೇ ಬೇಕು. ಬೆಳಕಿದೆ ಅಲ್ಲಿ, ಯಾರಿಗೆ ಬೇಡ? ಹಾಗಂತ ಕೂಸಿಗೆ ಚುಚ್ಚುವವಳಾ ನಾನು? ಹೊಟ್ಟೆಕಿಚ್ಚಿದ್ರೆ ಇವಳಿಗೇ ಚುಚ್ತೆ ನೋಡು, ಎದುರಿಗೇ!”

ಮಾಸ್ತಮ್ಮ ಸಣ್ಣಿಯ ಕಡೆ ತಿರುಗಿದಳು. “ನೀ ಪಿನ್ನು ಹೇಗೆ ಹಾಕ್ತೆ? ತೋರ್ಸು.”

ಸಣ್ಣಿ ಎರಡು ತುಂಡು ಬಟ್ಟೆ ಜೋಡಿಸಿ ಪಿನ್ನು ಚುಚ್ಚಿದಳು. ಹೊಲಿಗೆಗೆ ಅಡ್ಡಲಾಗಿ, ಮಣಿ ಹೊರಗೆ. “ಸೂಜಿ ಹತ್ರ ಬಂದಂಗೆ ಮಣಿ ಹಿಡಿದು ಎಳೂದು. ಮಣಿ ಒಳಗಾದ್ರೆ ಎಳೂದು ಹೇಗೆ?”

ಕೌದಿಯ ಪಿನ್ನು ಉದ್ದಕ್ಕಿತ್ತು. ಆದರೆ ಅವಸರದಲ್ಲಿ ಹಾಗೆ ಚುಚ್ಚಿ ಮರೆತಿರಬಾರದೆಂದೇನು? ಇಷ್ಟು ಸಾಕ್ಷಿ ಪ್ರಿಯಾಳ ಮುಂದೆ ನಿಲ್ಲುವಂಥದಲ್ಲ. ಮಾಸ್ತಮ್ಮ ಇಸ್ತ್ರಿ ಮೇಜಿನತ್ತ ನಡೆದಳು. ಹೊಲಿದ ಕೌದಿಗೆ ಇಸ್ತ್ರಿ ಹಾಕಿ, ಕಟ್ಟಿ, ಮನೆ ಮುಟ್ಟಿಸುವವನು ಮೋಹನ — ಎರಡು ಮಕ್ಕಳ ತಂದೆ, ಮಾತು ಕಡಿಮೆ.

“ಇಸ್ತ್ರಿ ಹಾಕುವಾಗ ಮೂಲೆ ಬಿಟ್ಟಿದ್ಯಾ ಮೋಹನಾ?”

“ಮೂಲೆಗೇ ಜಾಸ್ತಿ ಒತ್ತೂದು ಅಕ್ಕ. ಪದರ ಎಲ್ಲ ಕೂಡೂದು ಅಲ್ಲೇ. ಎರಡೂ ಬದಿ ಒತ್ತಿದ್ದೆ.”

“ಆಮೇಲೆ?”

“ಕಟ್ಟಿ ಕೊಟ್ಟು ಬಂದೆ.”

ತಲೆ ಎತ್ತಲಿಲ್ಲ ಅವನು. ಅವನ ಬೆನ್ನ ಹಿಂದೆ ಕಪಾಟಿನಲ್ಲಿ ಕಟ್ಟಿಟ್ಟ ಪೊಟ್ಟಣಗಳು. ಬಂದರಿನ ಗಾಳಿಗೆ ಹೆಸರಿನ ಚೀಟಿಗಳು ಪಟಪಟ ಬಡಿದುಕೊಳ್ಳುತ್ತಿದ್ದವು. ಒಂದೂ ಹಾರಿ ಹೋಗುತ್ತಿರಲಿಲ್ಲ. ಮಾಸ್ತಮ್ಮ ಅವನ್ನು ನೋಡುತ್ತಲೇ ನಿಂತಳು. ಆಮೇಲೆ ಸಣ್ಣಿಯ ಡಬ್ಬಿಯಿಂದ ಒಂದು ಪಿನ್ನು ತೆಗೆದು ಬಟ್ಟೆಯ ಮಡಿಕೆಯೊಳಗೆ ಇಟ್ಟಳು.

“ಒತ್ತು ಇದನ್ನ. ಕೌದಿಗೆ ಒತ್ತುವ ಹಾಗೇ.”

ಮೋಹನ ಒತ್ತಿದ. ಚುರುಕ್ಕೆಂದಿತು. ಪ್ಲಾಸ್ಟಿಕ್ ಸುಟ್ಟ ನಾತ ಬಂತು.

ಮಾಸ್ತಮ್ಮ ಬಟ್ಟೆ ಬಿಡಿಸಿ ನೋಡಿದಳು. ಅದನ್ನೂ ಪ್ರಿಯಾ ಬಿಟ್ಟುಹೋದ ಕೌದಿಯನ್ನೂ ಚೀಲಕ್ಕೆ ಹಾಕಿದಳು. “ಸಣ್ಣಿ, ಚಪ್ಪಲಿ ಮೆಟ್ಟು. ಮೋಹನಾ, ನೀನೂ ಹೊರಡು. ಕುಮಟೆಗೆ ಹೋಗುವ.”

ಬಸ್ಸಿನಲ್ಲಿ ಸಣ್ಣಿ ಒಮ್ಮೆ ಮಾತ್ರ ಬಾಯಿ ಬಿಟ್ಟಳು. “ತಪ್ಪಾಯ್ತು ಹೇಳಿಸೂಕೆ ಕರ್ಕೊಂಡು ಹೋಗ್ತಿದ್ಯಾ ನನ್ನ?”

“ಸುಮ್ನಿರು.” ಹಳದೀಪುರ ದಾಟುವ ಮೊದಲೇ ಮಾಸ್ತಮ್ಮ ಸೀಟು ಬಿಟ್ಟು ಬಾಗಿಲ ಹತ್ತಿರ ನಿಂತಿದ್ದಳು. ಕಂಡಕ್ಟರು ಬೈದರೂ ಕೂರಲಿಲ್ಲ.

ಕುಮಟೆಯ ಮನೆಯಲ್ಲಿ ಪ್ರಿಯಾ ಬಾಗಿಲಲ್ಲೇ ತಡೆದಳು. “ಇವಳನ್ನ ಎಂತಕ್ಕೆ ಕರ್ಕೊಂಡು ಬಂದ್ರಿ?”

“ಅವಳ ಮುಂದೆಯೇ ಹೇಳ್ಬೇಕು, ಅದಕ್ಕೆ.”

ಒಳಗೆ ಜಂತಿಯಿಂದ ಸರಪಳಿಯಲ್ಲಿ ಇಳಿಬಿಟ್ಟ ತೊಟ್ಟಿಲು. ಪ್ರಿಯಾಳ ಅತ್ತೆ ಹೊನ್ನಮ್ಮ ಅದನ್ನು ತೂಗುತ್ತಿದ್ದಳು. ಮಾಸ್ತಮ್ಮ ಕೌದಿಯ ಮೂಲೆಯನ್ನು ಪ್ರಿಯಾಳ ಮುಂದೆ ಹಿಡಿದಳು. ಅದರ ಪಕ್ಕ ಸುಟ್ಟ ಬಟ್ಟೆಯ ತುಂಡು.

“ಇದು ಇಸ್ತ್ರಿ ತಾಗಿದ ಮಣಿ. ಕರಗಿ ಬೊಟ್ಟಿನ ಹಾಗೆ ಮೆತ್ಕೊಂಡಿದೆ. ನಿನ್ನ ಕೌದಿಯಲ್ಲಿದ್ದದ್ದು?”

ಪ್ರಿಯಾ ಬಗ್ಗಿದಳು. “ಗುಂಡಗಿದೆ.”

“ನಾವೆಲ್ಲ ಪಿನ್ನಿನ ಮೊನೆಯನ್ನೇ ನೋಡಿದೆವು, ಮಣಿಯನ್ನ ಯಾರೂ ನೋಡಲಿಲ್ಲ. ಮೂಲೆಗೆ ಎರಡೂ ಬದಿ ಇಸ್ತ್ರಿ ಬಿದ್ದಿದೆ. ಆಗ ಈ ಪಿನ್ನು ಒಳಗಿದ್ದಿದ್ರೆ ಮಣಿ ಉಳೀತಿತ್ತಾ? ಇದು ಬಂದದ್ದು ಇಸ್ತ್ರಿ ಆದ ಮೇಲೆ. ಸಣ್ಣಿಯ ಕೈ ದಾಟಿದ ಮೇಲೆ.”

“ಹಾಗಾದ್ರೆ ಇವನಾ?” ಪ್ರಿಯಾ ಮೋಹನನತ್ತ ತಿರುಗಿದಳು.

ಮೋಹನ ಒಂದು ಹೆಜ್ಜೆ ಮುಂದೆ ಬಂದ. “ಅಂಟು ಹಚ್ಚಿದ್ರೆ ಬಂದರದ ತೇವಕ್ಕೆ ಬಿಟ್ಟು ಹೋಗ್ತದೆ ಅಕ್ಕ. ಸಣ್ಣಿಯ ಪಿನ್ನು ತೆಗೆದು ಹೆಸರಿನ ಚೀಟಿ ಚುಚ್ಚಿದ್ದೆ. ಕೌದಿಗಲ್ಲ, ಮೇಲಿನ ಚೀಲಕ್ಕೆ.”

“ಬೆಳಗಿಂದ ಬಾಯಿಗೆ ಎಂತ ಆಗಿತ್ತು ನಿಂಗೆ?” ಸಣ್ಣಿ ಕಿಡಿಕಾರಿದಳು.

“ಹೆದರಿಕೆ ಆತು.”

“ಪೊಟ್ಟಣ ಯಾರ ಕೈಗೆ ಕೊಟ್ಟೆ ಮೋಹನಾ?” ಎಂದಳು ಮಾಸ್ತಮ್ಮ.

ಅವನು ಉತ್ತರ ಕೊಡಬೇಕಾಗಲಿಲ್ಲ. ಹೊನ್ನಮ್ಮ ತೂಗುತ್ತಿದ್ದ ತೊಟ್ಟಿಲು ನಿಂತಿತ್ತು.

“ಅಡಕತ್ತರಿ ತೆಗೆಸಿದೆ ಅಂತ ಪ್ರಿಯಾ ಬೆಳಿಗ್ಗೆಯೇ ಹೇಳಿದ್ಲು,” ಮಾಸ್ತಮ್ಮನ ದನಿ ಇಳಿಯಿತು. “ಕೂಸಿನ ಬದಿಗೆ ಕಬ್ಬಿಣ ಇಲ್ಲದೆ ನಿಮಗೆ ಸಮಾಧಾನ ಇರ್ಲಿಲ್ಲ. ಸೊಸೆಯ ಕಣ್ಣಿಗೆ ಬೀಳದಂಥದ್ದೇ ಬೇಕಿತ್ತು. ಚೀಟಿಯ ಪಿನ್ನು ಕಿತ್ತು ಕೌದಿಯೊಳಗೆ ಇಟ್ಟವರು ನೀವಲ್ದಾ ಹೊನ್ನಮ್ಮ?”

“ದೃಷ್ಟಿ ಆಗ್ಬಾರದು ಅಂತ...” ಹೊನ್ನಮ್ಮ ಸೆರಗು ಬಾಯಿಗೊತ್ತಿದಳು. “ಮೊನೆ ಪೂರ್ತಿ ಒಳಗೇ ಹುದುಗಿಸಿದ್ದೆ. ಕೂಸು ಹಾಗೆ ಒದೀತದೆ ಅಂತ ಕಂಡಿದ್ನಾ ನಾನು?”

“ಅತ್ತೇ! ನಾ ಹೊನ್ನಾವರಕ್ಕೆ ಹೊರಟು ನಿಂತಾಗ್ಲೂ ಹೇಳ್ಲಿಲ್ವಾ?”

“ಹೇಳಿದ್ರೆ ಕೂಸನ್ನ ಮುಟ್ಟೂಕೆ ಬಿಡ್ತಿದ್ಯಾ ನೀನು?”

ಪ್ರಿಯಾ ಫೋನು ತೆಗೆದು ಏನೋ ಒತ್ತಿದಳು. “ಫೋಟೋ ಅಳಿಸಿದೆ,” ಎಂದಳು ಸಣ್ಣಿಯ ಮುಖ ನೋಡದೆ.

“ಬೈದದ್ದು ಹಾಗೆ ಅಳೀತದಾ?” ಸಣ್ಣಿ ಕೌದಿಯಿಂದ ಪಿನ್ನು ಕಿತ್ತು ಸೆರಗಿಗೆ ಸಿಕ್ಕಿಸಿಕೊಂಡಳು. ಆಮೇಲೆ ತೊಟ್ಟಿಲ ಸರಪಳಿ ಹಿಡಿದು ಝಣ್ಣೆಂದು ಅಲ್ಲಾಡಿಸಿದಳು. “ಇದು ಎಂತದ್ದು ಅಮ್ಮಾ? ಕಬ್ಬಿಣ ಅಲ್ದಾ?”

ಹೊನ್ನಮ್ಮ ತಲೆ ಎತ್ತಿದಳು. ಜಂತಿಯಿಂದ ತೊಟ್ಟಿಲ ತನಕ ಕೊಂಡಿ ಕೊಂಡಿಯಾಗಿ ಇಳಿದ ಕರಿಯ ಸರಪಳಿ. ದಿನವೂ ತೂಗಿದ್ದು ಅದನ್ನೇ. ಮೆಲ್ಲಗೆ ಕೈ ಚಾಚಿ ಒಂದು ಕೊಂಡಿಯನ್ನು ಮುಟ್ಟಿದಳು.

“ಶೆಡ್ಡಿಗೆ ನಾನೇ ಬರ್ತೆ ತಂಗೀ,” ಎಂದಳು. “ಎಲ್ಲರೆದುರಿಗೂ ನಾನೇ ಹೇಳ್ತೆ.”